ನಮ್ಮ ಮೀನು ನೋಡಿಕೊಂಡಾತ

ಆತ ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ತಿಳಿಸಿದವಳು ಶಾಂತಕ್ಕ. ಮುಧೋಳದ ಹತ್ತಿರದ ಸಕ್ಕರೆ ಕಾರ್ಖಾನೆಯ ಕಾಲೊನಿಯಲ್ಲಿ ನಾವಿದ್ದಾಗ ಎದುರು ಮನೆಯಲ್ಲಿದ್ದವಳು. "ದೇವರಂಥಾ ಮನಷ್ಯಾ ಹೋಗಿಬಿಟ್ಟ ನೋಡವಾ," ಎಂದು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಾನು ಜಮಖಂಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಶೇಂಗಾ ಆರಿಸುತ್ತಿದ್ದೆ. ಫೋನು ಇಟ್ಟವಳೇ ಎದ್ದು ಹೋಗಿ ಕೈ ತೊಳೆದುಕೊಂಡೆ. ಕೈಗೆ ಏನೂ ಆಗಿರಲಿಲ್ಲ. ಆದರೂ ಮತ್ತೊಮ್ಮೆ ಸೋಪು ಹಚ್ಚಿ ತೊಳೆದೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದೆಂದು ನಮ್ಮವ್ವ ಕಲಿಸಿದ್ದಳು. ಅವಳು ಆತನನ್ನು ಕಂಡಿರಲಿಲ್ಲ.

ಎದುರಿಗಿದ್ದಾಗಲೆಲ್ಲ ಆತನನ್ನು ನಾನು ಬಹುವಚನದಲ್ಲೇ ಮಾತಾಡಿಸಿದ್ದೇನೆ. ಇಲ್ಲಿ ಮಾತ್ರ 'ಆತ' ಎಂದು ಬರೆಯುತ್ತೇನೆ. ಅದಕ್ಕಿಂತ ಹೆಚ್ಚಿನ ಮರ್ಯಾದೆ ಕೈಗೆ ಬರುತ್ತಿಲ್ಲ.

ಆತ ಕಾರ್ಖಾನೆಯ ಟೈಂ ಆಫೀಸಿನಲ್ಲಿದ್ದ. ಕೆಲಸಗಾರರು ಒಳಗೆ ಬಂದದ್ದು, ಹೊರಗೆ ಹೋದದ್ದು ನೋಡುವ ಕೆಲಸ. ಗೇಟಿನ ಪಕ್ಕದ ಬ್ಯಾರಕಿನಲ್ಲಿ ಇನ್ನೂ ಕೆಲವರ ಜೊತೆ ಒಂದು ಖೋಲಿಯಲ್ಲಿ ಇರುತ್ತಿದ್ದ. ಬಿಳಿ ಅಂಗಿ, ಎಣ್ಣೆ ಸುರಿಯುವ ತಲೆ, ಎಂದೂ ಮಾಸದ ನಗು. ಸೊಂಟದ ಉಡದಾರಕ್ಕೆ ಕೀಲಿಕೈಗಳ ಗೊಂಚಲು ಕಟ್ಟಿಕೊಂಡಿರುತ್ತಿದ್ದ; ಆತ ಬರುವ ಮೊದಲೇ ಆ ಸದ್ದು ಬರುತ್ತಿತ್ತು. ಅವು ಯಾವುವೂ ಆತನ ಕೀಲಿಕೈಗಳಲ್ಲ. ಎಲ್ಲ ಕಾಲೊನಿಯ ಮನೆಗಳವು.

ಕಬ್ಬು ನುರಿಸುವ ಹಂಗಾಮು ಮುಗಿದರೆ ನಮ್ಮ ಕಾಲೊನಿ ಅರ್ಧ ಖಾಲಿಯಾಗುತ್ತಿತ್ತು. ಚಳಿಗಾಲವೆಲ್ಲ ಹಗಲು ರಾತ್ರಿಯೆನ್ನದೆ ದುಡಿದು, ಕಾಕಂಬಿಯ ಹುಳಿವಾಸನೆ ಕುಡಿದು ಬೇಸತ್ತವರು ಬೇಸಿಗೆ ಬಂದೊಡನೆ ಊರು, ತೀರ್ಥ, ಸಮುದ್ರ ಎಂದು ಹೊರಟುಬಿಡುತ್ತಿದ್ದರು. ಹೊರಡುವ ಮುನ್ನ ಎಲ್ಲರೂ ಆತನನ್ನು ಕರೆಯುತ್ತಿದ್ದರು. ತುಳಸಿಗೆ ನೀರು, ನಾಯಿಗೆ ರೊಟ್ಟಿ, ಸಂಜೆ ದೀಪ. "ನೀವ ನಿಶ್ಚಿಂತಿಂದ ಹೋಗಿ ಬರ್ರಿ. ಮನಿಗೆ ನಾ ಅದೀನಿ," ಎಂದು ಕೀಲಿಕೈ ಇಸಿದುಕೊಳ್ಳುತ್ತಿದ್ದ. ಅದಕ್ಕಾಗಿ ಏನನ್ನೂ ಕೇಳುತ್ತಿರಲಿಲ್ಲ. ಊರಿಂದ ಬಂದವರು ಪ್ರಸಾದ ಕೊಟ್ಟರೆ ಎರಡೂ ಕೈಯೊಡ್ಡಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ.

ಒಂದು ಸಲ ಟೈಂ ಆಫೀಸಿನ ಕಿಟಕಿಯಲ್ಲಿ ಆತನನ್ನು ನೋಡಿದೆ. ಗೊಂಚಲಿನಿಂದ ಒಂದು ಕೀಲಿಕೈ ಆರಿಸಿ ಅದರಿಂದ ಕಿವಿ ಕೆರೆದುಕೊಳ್ಳುತ್ತಿದ್ದ. ಕಣ್ಣು ಅರೆಮುಚ್ಚಿತ್ತು. ಕೆರೆದಾದ ಮೇಲೆ ಅದರ ತುದಿಯನ್ನು ನೋಡಿ, ಅಂಗಿಗೆ ಒರೆಸಿ, ಗೊಂಚಲಿಗೆ ಬಿಟ್ಟ. ಯಾರ ಮನೆಯದೋ! ನಮ್ಮದಂತೂ ಅಲ್ಲ ಎಂದುಕೊಂಡೆ. ಆಗಿನ್ನೂ ನಾವು ಆತನಿಗೆ ಕೀಲಿಕೈ ಕೊಟ್ಟಿರಲಿಲ್ಲ.

ನಾವು ಕೊಡುವ ಹಾಗಾದದ್ದು ಮೀನಿನಿಂದ. ನಮ್ಮ ಮಗಳು ವಿದ್ಯಾ ಎರಡನೇ ಇಯತ್ತೆಯಲ್ಲಿದ್ದಾಗ ಕೀಲುನೋವು, ಜ್ವರ ಎಂದು ಮಲಗಿದಳು. ಹೃದಯಕ್ಕೂ ತಗಲಿದೆ, ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳಬಾರದು ಎಂದರು ಬೆಳಗಾವಿಯ ಡಾಕ್ಟರು. ಆಡುವ ಕೂಸನ್ನು ಮಂಚಕ್ಕೆ ಕಟ್ಟಿಹಾಕಿದ ಹಾಗೆ. ಅವಳಪ್ಪ, ಕಾರ್ಖಾನೆಯಲ್ಲಿ ಸಕ್ಕರೆ ಪಾಕದ ವಿಭಾಗದಲ್ಲಿದ್ದವರು, ಮಗಳ ಮುಖ ನೋಡಲಾರದೆ ಬೆಳಗಾವಿಯಿಂದ ಒಂದು ಗಾಜಿನ ತೊಟ್ಟಿ, ಬಂಗಾರ ಬಣ್ಣದ ಒಂದಿಷ್ಟು ಮೀನು ತಂದು ಮಂಚದ ಪಕ್ಕ ಇಟ್ಟರು. ಅದರಲ್ಲೊಂದಕ್ಕೆ ಕಣ್ಣಿನ ಕೆಳಗೆ ದೃಷ್ಟಿಬೊಟ್ಟಿನಂಥ ಕಪ್ಪು ಮಚ್ಚೆ. ವಿದ್ಯಾ ಅದಕ್ಕೆ ಚಿನ್ನವ್ವ ಎಂದು ಹೆಸರಿಟ್ಟಳು. ಬೆಳಗಾದರೆ ಮೊದಲು ಅದನ್ನು ಮಾತಾಡಿಸುತ್ತಿದ್ದಳು. ಇಂಜೆಕ್ಷನ್ ಕೊಡಲು ಬಂದ ನರ್ಸಮ್ಮನಿಗೆ, "ಚಿನ್ನವ್ವ ನೋಡಾಕತ್ತಾಳ, ನಾ ಅಳಂಗಿಲ್ಲ," ಎನ್ನುತ್ತಿದ್ದಳು.

ಆ ಬೇಸಿಗೆಯಲ್ಲಿ ಡಾಕ್ಟರು ಇನ್ನು ಓಡಾಡಬಹುದು ಎಂದರು. ಸಮುದ್ರ ತೋರಿಸುತ್ತೇವೆಂದು ಅವಳಿಗೆ ಮಾತು ಕೊಟ್ಟಿದ್ದೆವು. ಆದರೆ ಹೊರಡುವ ಹೊತ್ತಿಗೆ ಹುಡುಗಿ ಹಟ ಹಿಡಿದಳು: ಮೀನು ಬಿಟ್ಟು ಬರುವುದಿಲ್ಲ.

ಆತ ಬಂದ. ತೊಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತ. "ಏನವಾ ಚಿನ್ನವ್ವ, ನಿಮ್ಮ ವಿದ್ಯಾ ಬರೂತನಾ ನಾ ನಿನ್ನ ಕಾಕಾ, ಏನ?" ಎಂದು ಮೀನಿಗೆ ಹೇಳಿದ. ಮಗಳು ನಕ್ಕಳು. ಎಷ್ಟು ಚಿಟಿಕೆ ಕಾಳು ಹಾಕಬೇಕು, ನೀರು ಯಾವಾಗ ಬದಲಿಸಬೇಕು, ಗಾಳಿಗುಳ್ಳೆ ಬಿಡುವ ಯಂತ್ರ ಹೇಗೆ ಹಚ್ಚಬೇಕು ಎಂದು ಅವಳೇ ಹೇಳಿಕೊಟ್ಟಳು. ಆತ ಪ್ರತಿ ಮಾತಿಗೂ "ಹೂಂ ತಾಯಿ, ಹೂಂ ತಾಯಿ," ಎಂದ. ನನಗೂ ಆ ಹೊತ್ತಿನಲ್ಲಿ ಆತ ಒಳ್ಳೆಯವನೆಂದೇ ಕಂಡ.

ಗೋವಾಕ್ಕೆ ಹೋಗಿ ಬಂದೆವು. ಮನೆ ಸ್ವಚ್ಛವಾಗಿತ್ತು. ತೊಟ್ಟಿಯ ನೀರು ತಿಳಿಯಾಗಿತ್ತು, ಮೀನು ಆಡುತ್ತಿದ್ದವು. ವಿದ್ಯಾ ಚಪ್ಪಲಿ ಕಳೆಯದೆ ಓಡಿಹೋಗಿ ಗಾಜಿಗೆ ಮೂಗು ಹಚ್ಚಿದಳು. ಸ್ವಲ್ಪ ಹೊತ್ತು ನೋಡಿ ನನ್ನ ಕಡೆ ತಿರುಗಿದಳು.

"ಅವ್ವಾ, ಇದರಾಗ ಚಿನ್ನವ್ವ ಇಲ್ಲ."

ಆತನನ್ನು ಕರೆಸಿದೆ. ಆತ ನಕ್ಕ. "ಅಲ್ಲೇ ಐತಲ್ಲ ತಾಯಿ. ಮೀನಾ ದೊಡ್ಡವಾದಂಗ ಮಚ್ಚಿ ಅಳಸಿ ಹೋಗ್ತಾವ. ನಿನಗ ಜ್ವರಾ ಹೋದಂಗ." ನನಗೆ ಅನುಮಾನ ಬಂದು, "ಖರೇನ ಹೇಳ್ರಿ, ಸತ್ತಿದ್ರ ಸತ್ತೈತಿ ಅನ್ರಿ, ನಾವೇನ ಬೈಯಂಗಿಲ್ಲ," ಎಂದೆ. ಆತನ ಮುಖದ ನಗು ಸ್ವಲ್ಪವೂ ಅಲುಗಲಿಲ್ಲ. ಕೈ ಚಾಚಿ ನನ್ನ ಮಗಳ ನೆತ್ತಿಯ ಮೇಲೆ ಇಟ್ಟ.

"ಈ ಕೂಸಿನ ತಲಿ ಮ್ಯಾಲ ಕೈ ಇಟ್ಟ ಹೇಳ್ತೀನ್ರಿ ಅಕ್ಕಾರ. ಅದ ಮೀನಾ."

ಹಾಸಿಗೆಯಿಂದ ಆಗತಾನೇ ಎದ್ದ ಕೂಸು. ಅದರ ತಲೆಯ ಮೇಲೆ ಆಣೆ. ಆಣೆ ಕೇಳಿದ ಮೇಲೆ ನನ್ನ ಗಂಡ, "ಆತು ಬಿಡ, ಇಷ್ಟಕ್ಕ ಯಾಕ," ಎಂದು ಮಾತು ಮುಗಿಸಿದರು. ಮೀನಿನ ಮಚ್ಚೆ ಹೋಗುವುದುಂಟು ಎಂದು ಆಮೇಲೆ ಯಾರೋ ಹೇಳಿದರು ಕೂಡ. ವಿದ್ಯಾ ಒಂದು ವಾರ ತೊಟ್ಟಿಯ ಕಡೆ ಬೆನ್ನು ಮಾಡಿ ಮಲಗಿದಳು. ಆಮೇಲೊಂದು ಮಧ್ಯಾಹ್ನ ತಣ್ಣಗೆ ಕೇಳಿದಳು:

"ಅವ್ವಾ, ಈ ಜಡ್ಡಿನಾಗ ಕಣ್ಣೂ ಹೋಗ್ತಾವೇನ?"

"ಯಾಕ ಹಂಗ ಕೇಳ್ತಿ?"

"ಎಲ್ಲಾರಿಗೂ ಚಿನ್ನವ್ವ ಕಾಣಾಕತ್ತಾಳ. ನನಗಷ್ಟ ಕಾಣವಲ್ಲಳು."

ನಾನು ಅವಳನ್ನು ಮುಧೋಳದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಣ್ಣು ಛಲೋ ಇವೆ ಎಂದರು ಅವರು. ಬರುವಾಗ ಬಸ್ಸಿನಲ್ಲಿ ಅವಳು ಅಂಗಡಿಗಳ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತ, ಪ್ರತಿಯೊಂದಕ್ಕೂ "ಹೌದಿಲ್ಲ?" ಎಂದು ನನ್ನನ್ನು ಕೇಳುತ್ತಿದ್ದಳು.

ಅದೇ ವರ್ಷ ಪಂಚಮಿಗೆಂದು ಎಂಟು ಹತ್ತು ದಿನ ಮೊದಲೇ ಮಗಳನ್ನು ಕರೆದುಕೊಂಡು ನಾನು ತವರಿಗೆ ಹೋದೆ. ರಬಕವಿಯಲ್ಲಿ ನಮ್ಮದು ನೇಕಾರರ ಮನೆ. ಮಗ್ಗದ ಸದ್ದು ನಿಲ್ಲಿಸಿ ಜೋಕಾಲಿ ಕಟ್ಟುವ ಹಬ್ಬ ಅದೊಂದೇ. ಗಂಡನನ್ನು ಕಾರ್ಖಾನೆಯವರು ಯಂತ್ರದ ಬಿಡಿಭಾಗ ತರಲು ಪುಣೆಗೆ ಕಳಿಸಿದ್ದರು. ಕೀಲಿಕೈ ಮತ್ತೆ ಆತನ ಕೈಗೇ ಹೋಯಿತು. ನಾನು ಬೇಡವೆಂದರೂ ಗಂಡ ಕೊಟ್ಟರು. ಹಬ್ಬದ ಮರುದಿನ ಘಟಪ್ರಭೆ ಏರುತ್ತಿದೆ, ಮುಧೋಳದಾಚೆಯ ಸೇತುವೆ ಮುಳುಗುತ್ತದಂತೆ ಎಂಬ ಸುದ್ದಿ ಬಂತು. ನಮ್ಮ ಮನೆ ಕಾಲೊನಿಯ ತಗ್ಗಿನ ಸಾಲಿನಲ್ಲಿತ್ತು. ಜೋಳದ ಚೀಲವನ್ನಾದರೂ ಎತ್ತರಕ್ಕೆ ಇಡೋಣವೆಂದು ಮಗಳನ್ನು ಅವ್ವನ ಹತ್ತಿರ ಬಿಟ್ಟು ನಾನೊಬ್ಬಳೇ ಬಸ್ಸು ಹತ್ತಿದೆ. ಕೆಂಪು ನೀರು ಸೇತುವೆಯ ಕಂಬಗಳನ್ನು ಅಲುಗಾಡಿಸುತ್ತಿತ್ತು. ದಾಟಿ ಕಾಲೊನಿ ಸೇರಿದಾಗ ಇಳಿಹೊತ್ತು.

ಬಾಗಿಲಿಗೆ ಕೀಲಿ ಇರಲಿಲ್ಲ. ದೂಡಿದೆ. ಮೊದಲು ಮೂಗಿಗೆ ಬಡಿದದ್ದು ನಾತ. ಇಲಿ ಸತ್ತ ನಾತವೂ ಅಲ್ಲ, ಚರಂಡಿಯದೂ ಅಲ್ಲ; ಎರಡರ ನಡುವಿನ, ನಾಲಿಗೆಗೂ ಅಂಟುವಂಥದ್ದು. ಪಡಸಾಲೆಯಲ್ಲಿ ಟಿವಿ ಹಚ್ಚಿತ್ತು. ನನ್ನ ಗಂಡನ ಕುರ್ಚಿಯಲ್ಲಿ, ನನ್ನ ಗಂಡನ ಲುಂಗಿ ಉಟ್ಟು, ನಮ್ಮ ಟವೆಲ್ಲು ಹೆಗಲಿಗೆ ಹಾಕಿಕೊಂಡು ಆತ ಕುಳಿತಿದ್ದ. ಕಾಲು ವಿದ್ಯಾಳ ಮಂಚದ ಮೇಲೆ. ತೊಡೆಯ ಮೇಲೆ ನಮ್ಮ ತಾಟು, ತಾಟಿನಲ್ಲಿ ಒಗ್ಗರಣೆ ಅವಲಕ್ಕಿ. ಪಕ್ಕದಲ್ಲೇ ಮೀನಿನ ತೊಟ್ಟಿ. ನೀರು ಹಸಿರುಗಟ್ಟಿ ಮಜ್ಜಿಗೆಯ ಹಾಗೆ ದಪ್ಪಗಾಗಿತ್ತು. ಮೇಲೆ ನೆನೆದು ಉಬ್ಬಿದ ಅವಲಕ್ಕಿ, ರೊಟ್ಟಿಯ ಚೂರು. ಅವುಗಳ ನಡುವೆ ಹೊಟ್ಟೆ ಮೇಲಾಗಿ, ಸಿಪ್ಪೆ ಸುಲಿದ ಹಾಗೆ ಬಿಳಿಚಿದ ಮೀನುಗಳು. ಒಂದರ ಕಣ್ಣು ಇರಲಿಲ್ಲ. ಆತ ಒಂದು ತುತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದವನು ನನ್ನನ್ನು ಕಂಡ. ಗಾಬರಿಯಾಗಲಿಲ್ಲ. ನಕ್ಕ.

"ಬರ್ರಿ, ಬರ್ರಿ ಅಕ್ಕಾರ. ಕೂಡ್ರಿ. ಚಾ ಮಾಡ್ಲಿ?"

ನನ್ನ ಮನೆಯಲ್ಲಿ ನನಗೆ ಕೂಡ್ರಿ ಎಂದ.

ನಾನು ಮೂಗಿಗೆ ಸೆರಗು ಹಿಡಿದು ತೊಟ್ಟಿಯನ್ನು ತೋರಿಸಿದೆ. ಆತ ಎದ್ದು ಅಡಿಗೆಮನೆಯ ಮೂಲೆಯಿಂದ ಒಂದು ಬಕೆಟ್ಟು ತಂದ. ಅದರಲ್ಲಿ ಪ್ಲಾಸ್ಟಿಕ್ ಚೀಲ ತೇಲುತ್ತಿತ್ತು, ಚೀಲದೊಳಗೆ ಹೊಸ ಮೀನು.

"ಚಿಂತಿ ಮಾಡಬ್ಯಾಡ್ರಿ. ಜಮಖಂಡಿಗೆ ಹೋದಾತಗ ಹೇಳಿ ತರಿಸೀನಿ. ನಾಳೆ ಇದನ್ನೆಲ್ಲಾ ಚೆಲ್ಲಿ ಇವ್ನ ಬಿಡಾವಿದ್ದೆ. ನೀವು ಎರಡ ದಿನಾ ಲಗೂನ ಬಂದ್ರಿ."

"ಹ್ವಾದ ಸಲಾನೂ ಹಿಂಗ ಮಾಡಿದ್ರೇನ?"

"ಎಲ್ಲಾರ ಮನ್ಯಾಗೂ ಹಂಗ ರೀ. ಹೋದದ್ದ ಹೋಕ್ಕೈತಿ, ಬ್ಯಾರೆ ತಂದ ಇಡೂದು. ನೋಡೂವರಿಗೆ ಸಮಾಧಾನ ಆದ್ರ ಆತಲ್ಲ?"

"ನನ್ನ ಮಗಳ ತಲಿ ಮ್ಯಾಲ ಕೈ ಇಟ್ಟ ಆಣಿ ಮಾಡಿದ್ರೆಲ್ಲ!"

"ಮೀನಿನ ಸಲುವಾಗಿ ಮಾಡಿದ ಆಣಿಗೆ ದೇವರು ಸಿಟ್ಟಾಗೂದಿಲ್ಲ ಬಿಡ್ರಿ," ಎಂದು ಲುಂಗಿಗೆ ಕೈ ಒರೆಸಿಕೊಂಡ.

ಆತ ಹೊಸ ಮೀನಿನ ಚೀಲ ಎತ್ತಿಕೊಂಡು ಹೋದ ಮೇಲೆ ಒಂದೊಂದೇ ಕಂಡವು. ಬಚ್ಚಲಲ್ಲಿ ನಮ್ಮ ಸೋಪಿಗೆ ಮೆತ್ತಿಕೊಂಡ ಆತನ ಕೂದಲು. ನನ್ನ ಹಣಿಗೆಯ ಹಲ್ಲುಗಳ ನಡುವೆ ಎಣ್ಣೆಯ ಜಿಡ್ಡು. ನಮ್ಮ ಹಾಸಿಗೆಯ ಮೇಲೆ ಕತ್ತರಿಸಿದ ಉಗುರು. ನನ್ನ ಗಂಡನ ಬ್ರಶ್ಶು ಹಸಿಯಾಗಿತ್ತು. ಅವರು ಪುಣೆಗೆ ಹೊಸ ಬ್ರಶ್ಶು ಒಯ್ದಿದ್ದರು. ಅಂಗಳದಲ್ಲಿ ಗುಂಡಿ ತೋಡಿ ಸತ್ತ ಮೀನುಗಳನ್ನು ಹೂತೆ, ಹಾಸಿಗೆ ಅರಿವೆಗಳನ್ನೆಲ್ಲ ಕುದಿಯುವ ನೀರಿಗೆ ಹಾಕಿದೆ. ಎಷ್ಟು ಒಗೆದರೂ ತಲೆದಿಂಬಿನ ಆ ಕಮಟು ವಾಸನೆ ಹೋಗಲಿಲ್ಲ. ಕೊನೆಗೆ ದಿಂಬನ್ನೇ ಸುಟ್ಟೆ. ಹೊಳೆಯ ನೀರು ನಮ್ಮ ಅಂಗಳದ ಕೆಳಗಿನ ಹೊಲದವರೆಗೆ ಬಂದು ನಿಂತಿತು. ಮನೆಯೊಳಗೇ ಬಂದಿದ್ದರೂ ಅಷ್ಟು ಹೇಸಿಕೆ ಆಗುತ್ತಿರಲಿಲ್ಲ.

ಸೇತುವೆ ತೆರೆದ ಮೇಲೆ ಗಂಡ ಮತ್ತು ಮಗಳು ಬಂದರು. ನಾನು ಆತನನ್ನು ಮನೆಗೆ ಕರೆಸಿದೆ. ಉಳಿದದ್ದಕ್ಕೆಲ್ಲ ನನಗೆ ಉತ್ತರ ಬೇಕಾಗಿರಲಿಲ್ಲ. ಒಂದೇ ಒಂದು ಬೇಕಿತ್ತು. "ಮೀನ ಬದಲ ಮಾಡಿದ್ದೆ, ನಿನ್ನ ಕಣ್ಣ ಖರೇನ ಹೇಳಿದ್ದುವು ಅಂತ ಈಕಿ ಮುಂದ ಅನ್ರಿ," ಎಂದೆ.

ಆತ ವಿದ್ಯಾಳ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತ, ಮೀನಿನ ಮುಂದೆ ಕುಳಿತಂತೆ. ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. ಮುಖದ ತುಂಬ ನಗು.

"ನಿಮ್ಮವ್ವಗ ಕಾಕಾನ ಮ್ಯಾಲ ಸಿಟ್ಟ ಬಂದೈತವಾ. ನೀನ ಹೇಳ ತಾಯಿ. ಕಾಕಾ ನಿನ್ನ ಮುಂದ ಸುಳ್ಳ ಹೇಳ್ಯಾನೇನ?"

ಮಗಳು ನನ್ನ ಮುಖ ನೋಡಿದಳು. ಆತನ ಮುಖ ನೋಡಿದಳು. "ಇಲ್ಲ," ಎಂದಳು.

ನಾನು ಹೊರಗೆ ಹೋಗಿ ವಾಂತಿ ಮಾಡಿಕೊಂಡೆ. ಒಳಗೆ ಬಂದು ಆತನ ಗೊಂಚಲಿನಿಂದ ನಮ್ಮ ಕೀಲಿಕೈ ಬಿಚ್ಚಿಸಿಕೊಂಡೆ. ಮರುದಿನವೇ ಹೊಸ ಕೀಲಿ ಹಾಕಿಸಿದೆ, ತೊಟ್ಟಿಯನ್ನು ಗುಜರಿಗೆ ಕೊಟ್ಟೆ. ಆಮೇಲೂ ವಿದ್ಯಾಳಿಗೆ ನಾನೇ ಹೇಳಿ ನೋಡಿದೆ. ಅವಳು "ಹೂಂ" ಎನ್ನುತ್ತಿದ್ದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಕಾಲೊನಿಯ ಹೆಂಗಸರಿಗೆಲ್ಲ ಕಂಡದ್ದನ್ನು ಕಂಡಂತೆ ಹೇಳಿದೆ. ಯಾರೂ ಹೌಹಾರಲಿಲ್ಲ. ಹಿಂದಿನ ಸಾಲಿನವಳೊಬ್ಬಳು, ತಮ್ಮ ಹಾಸಿಗೆಯಲ್ಲೂ ಎಣ್ಣೆ ವಾಸನೆ ಬರುತ್ತಿತ್ತು ಎಂದಳು. ಇನ್ನೊಬ್ಬಳ ಉಪ್ಪಿನಕಾಯಿ ಭರಣಿ ಪ್ರತಿ ಬೇಸಿಗೆ ತಳ ಕಾಣುತ್ತಿತ್ತಂತೆ. ಶಾಂತಕ್ಕನ ಮನೆಯಲ್ಲಿ ಮುಧೋಳ ನಾಯಿ ಇತ್ತು. ಅವರು ಊರಿಂದ ಬಂದಾಗೊಮ್ಮೆ ಅದರ ಎಲುಬು ಎಣಿಸುವಂತಾಗಿರುತ್ತಿತ್ತು. "ಮುಧೋಳ ನಾಯಿ ಅಂದ್ರ ಸಣಕಲ ಇರಬೇಕ್ರಿ, ಅದರ ಚಂದ ಅದ," ಎಂದು ಆತ ಹೇಳಿದ್ದನ್ನು ನೆನೆದು ಅವಳು ನಕ್ಕಳು. ನಾಯಿ ಅವಳ ಕಾಲ ಬಳಿಯೇ ಮಲಗಿತ್ತು.

"ಗೊತ್ತಿದ್ದೂ ಚಾವಿ ಕೊಡ್ತೀರಿ?" ಎಂದೆ.

"ಮತ್ಯಾರ ಅದಾರವಾ? ಪಾಪ, ಹಿಂದ ಇಲ್ಲ ಮುಂದ ಇಲ್ಲದಾತ. ಒಂದೀಟ ಫ್ಯಾನಿನ ಕೆಳಗ ಮಲಗಿದ್ರ ನಮ್ಮದೇನ ಸವೀತೈತಿ?"

ಮುಂದಿನ ಬೇಸಿಗೆಯಲ್ಲಿ ಗೊಂಚಲು ಮತ್ತೆ ತುಂಬಿಕೊಂಡಿತು. ಆತನಿಗೆ ನನ್ನ ಮೇಲೆ ಸಿಟ್ಟೂ ಇರಲಿಲ್ಲ. ಎದುರಿಗೆ ಬಂದರೆ ಅದೇ ನಗು: "ಆರಾಮ ಅದೀರಿ ಅಕ್ಕಾರ?" ನಾನು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದೆ.

ಹಿಂದೆ ಮುಂದೆ ಇಲ್ಲದಾತ ಎನ್ನುವುದೂ ಸುಳ್ಳು. ಒಂದೆರಡು ವರ್ಷದ ಮೇಲೆ ಲೋಕಾಪುರದಲ್ಲಿ ಒಬ್ಬ ಗೆಳತಿಯ ಮನೆಗೆ ತೊಟ್ಟಿಲು ಕಾರ್ಯಕ್ಕೆ ಹೋಗಿದ್ದೆ. ನಾನು ಕಾರ್ಖಾನೆಯ ಕಾಲೊನಿಯವಳೆಂದು ತಿಳಿದು ಪಕ್ಕದ ಮನೆಯ ಹೆಂಗಸು ಹತ್ತಿರ ಬಂದಳು. ನಮ್ಮ ಮನೆಯವರೂ ಅಲ್ಲೇ ಟೈಂ ಆಫೀಸಿನಲ್ಲಿದ್ದಾರೆ ಎಂದಳು. ಗುರುತು ಕೇಳಿದರೆ ಆತನೇ! ನಾನು ಬೆರಗಾಗಿ ಅವಳ ಹಿಂದೆ ಹೋದೆ. ಸಾರಿಸಿದ ಚೊಕ್ಕ ಮನೆ. ಮಂಚಕ್ಕೆ ಒಗೆದ ಚಾದರ ಹಾಸಿತ್ತು.

"ಬರ್ತಾರ್ರಿ, ತಿಂಗಳಿಗೊಮ್ಮೆ. ಹೊಸ್ತಲದಾಗ ನಿಂತ ಚಾ ಕುಡೀತಾರ, ಮುಂದಿನ ಬಸ್ಸಿಗೆ ಹೋಗಿಬಿಡ್ತಾರ. ಇಲ್ಲಿ ಕುಂತ್ರ ಉಸರಾ ಕಟ್ಟತೈತಿ ಅಂತಾರ. ನಿಮ್ಮ ಕಾಲೊನ್ಯಾಗ ಅವ್ರಿಗೆ ಕೊಟ್ಟ ಮನಿ ಭಾಳ ದೊಡ್ಡದಂತಲ್ರಿ? ಟಿವಿ ಐತಂತ. ಮೀನಿನ ಗಾಜಿನ ಪೆಟಗಿ ಐತಂತ. ನನ್ನೂ ಕರಕೊಂಡ ಹೋಗ್ರಿ ಅಂದ್ರ, ಹೆಂಗಸರಿಗೆ ಪರ್ಮಿಶನ್ ಇಲ್ಲ ಅಂತಾರ."

ಕಾಲೊನಿಯ ಹೆಂಗಸಾಗಿ ನಾನು ಅವಳ ಮುಂದೆಯೇ ಕುಳಿತಿದ್ದೆ. ಬದಲಿ ಮೀನಿನಂಥ ಸುಳ್ಳು ಹೇಳಿ ಇವಳನ್ನೂ ಸಮಾಧಾನ ಮಾಡಲು ನನಗೆ ಮನಸ್ಸು ಬರಲಿಲ್ಲ.

"ಅವ್ರಿಗೆ ಮನಿ ಕೊಟ್ಟಿಲ್ರಿ," ಎಂದೆ. "ಬ್ಯಾರಕಿನಾಗ ಇರ್ತಾರ. ಆ ಮೀನಿನ ಪೆಟಗಿ ನಮ್ಮನಿದು."

ಅವಳು ತನ್ನ ಮನೆಯ ಗೋಡೆ, ಗೂಡು, ಮಂಚ ಎಲ್ಲವನ್ನೂ ಒಂದು ಸಲ ನಿಧಾನವಾಗಿ ನೋಡಿದಳು. ಆಮೇಲೆ "ಛೀ" ಎಂದಳು. ಅಷ್ಟೇ. ಎದ್ದು ಹೋಗಿ ನನಗೆ ಚಹ ಮಾಡಿಕೊಂಡು ಬಂದಳು. ಈ ಲೋಕದಲ್ಲಿ ಆತನ ವಿಷಯಕ್ಕೆ ನನ್ನ ಹಾಗೆ ಹೇಸಿಕೊಂಡ ಇನ್ನೊಂದು ಜೀವ ಅದೊಂದೇ.

ಮುಂದೆ ನನ್ನ ಗಂಡ ಬೇರೆ ಕಾರ್ಖಾನೆ ಸೇರಿ ನಾವು ಜಮಖಂಡಿಗೆ ಬಂದೆವು. ವಿದ್ಯಾ ಗಟ್ಟಿಮುಟ್ಟಾಗಿ ಬೆಳೆದು ಈಗ ಬಾಗಲಕೋಟೆಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಾಳೆ. ಶಾಂತಕ್ಕನ ಫೋನು ಬಂದ ದಿನ, ತಿಳಿಸಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ಅವಳಿಗೂ ಫೋನು ಮಾಡಿ, ಮರುದಿನ ಲೋಕಾಪುರದಲ್ಲಿ ಮಣ್ಣು ಮಾಡುತ್ತಾರಂತೆ ಎಂದೂ ಹೇಳಿದೆ.

"ಅವತ್ತ ನನಗ ಗೊತ್ತಿತ್ತವ್ವ," ಎಂದಳು ಎಲ್ಲ ಕೇಳಿ. "ನೀ ಅಷ್ಟ ಜೋರ್ ಮಾಡಿ ಹೇಳ ಅನ್ನೋದು ನೋಡೇ ತಿಳೀತು, ಮೀನಾ ಬದಲ ಮಾಡ್ಯಾನಂತ."

"ಮತ್ತ 'ಇಲ್ಲ' ಅಂತ ಯಾಕ ಅಂದಿ?"

"ನನ್ನ ಕೈ ಹಿಡಕೊಂಡಿದ್ನಲ್ಲ, ಅವನ ಕೈ ಗಡಗಡ ನಡಗಾಕತ್ತಿದ್ದುವು. ಬೆವತ ತೊಯ್ದಿದ್ದುವು. ಹೌದ ಅಂದ್ರ ಇಲ್ಲೇ ಬಿದ್ದ ಸಾಯ್ತಾನೇನೋ ಅನಿಸ್ತು. ಅಂಜಿಕಿ ಬಂತವ್ವ ನನಗ."

ನಾನು ಅಂದು ಆತನ ಮುಖವನ್ನಷ್ಟೇ ನೋಡಿದ್ದೆ. ಕೈ ನಡುಗುತ್ತಿತ್ತೆಂದು ತಿಳಿದು ನನಗೆ ಕನಿಕರ ಬರಬೇಕಿತ್ತೇನೋ. ಬಂದದ್ದು ಇನ್ನಷ್ಟು ಹೇಸಿಕೆ. ತಲೆ ನರೆತ ಗಂಡಸು ತನ್ನ ಅಂಜಿಕೆಯನ್ನು ಹೊರಿಸಲು ಹುಡುಕಿದ್ದು, ತಿಂಗಳುಗಟ್ಟಲೆ ಮಂಚ ಹಿಡಿದು ಆಗಷ್ಟೇ ಎದ್ದಿದ್ದ ಕೂಸನ್ನು. ಆ ಕೂಸು ಹೊತ್ತುಕೊಂಡಿತು, ಇಷ್ಟು ವರ್ಷ ತಾಯಿಗೂ ಹೇಳದೆ.

"ನಾಳಿ ಲೋಕಾಪುರದಾಗ ಮಣ್ಣಂತಲ್ಲ. ನಾ ಸೂಟಿ ತಗೊಂಡ ಹೋಗ್ತೀನಿ. ನೀ ಬರ್ತಿ?" ಎಂದಳು ವಿದ್ಯಾ.

"ನಾ ಬರಂಗಿಲ್ಲ."

"ಆತು," ಎಂದಳು. ನನ್ನನ್ನು ಬಲವಂತ ಮಾಡಲಿಲ್ಲ.

ಮರುದಿನ ಸಂಜೆ ಅಲ್ಲಿಂದ ನೇರ ಜಮಖಂಡಿಗೆ ಬಂದಳು. ನೀರು ಕಾಯಿಸಿಟ್ಟಿದ್ದೆ. ತಲೆಮೇಲೆ ಸ್ನಾನ ಮಾಡಿ ಬಂದು ಊಟಕ್ಕೆ ಕುಳಿತಳು.

"ಮಂದಿ ಭಾಳ ಬಂದಿದ್ರೇನ?" ಎಂದೆ.

"ಓಣಿಯವ್ರು ನಾಲ್ಕ ಮಂದಿ. ಆತನ ಹೆಂಡ್ತಿ."

"ಕಾಲೊನಿಯವ್ರು?"

"ಒಬ್ರೂ ಇಲ್ಲ."

"ಶಾಂತಕ್ಕ?"

ಅವಳು ತಲೆ ಅಲ್ಲಾಡಿಸಿದಳು. ಅಷ್ಟು ಬಿಕ್ಕಿ ಅತ್ತವಳು, ಮುಧೋಳದಿಂದ ಲೋಕಾಪುರಕ್ಕೆ ಏನು ಮಹಾ ದೂರ!

"ಆತನ ಹೆಂಡ್ತಿ ಕೇಳಿದ್ಲವ್ವ, ನೀ ಯಾರಾಕಿ ಅಂತ."

"ನೀ ಏನಂದಿ?"

"ಅವ್ರು ನಮ್ಮ ಮೀನಾ ನೋಡಿಕೊಂಡಿದ್ರು ಅಂದೆ."

ನೋಡಿಕೊಂಡನಂತೆ! ಮಗಳು ಹಸಿದಿದ್ದಳು, ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಆ ಮಾತನ್ನು ಆಡದೆ ಅವಳ ತಾಟಿಗೆ ಇನ್ನಷ್ಟು ಅನ್ನ ಬಡಿಸಿದೆ.